ಎಡಗೈಯ ಅಕ್ಷತೆ

ಹಳೆಯ ತುಪ್ಪದ ವಾಸನೆ ಎಷ್ಟು ವರ್ಷವಾದರೂ ಹಳಸುತ್ತದೆಯೇ ಹೊರತು ಹೋಗುವುದಿಲ್ಲ. ಹೋದ ಮಾಘದಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ, ಅದರ ಬಾಯಿಗೆ ಕಟ್ಟಿದ್ದ ಹುರಿ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಆ ವಾಸನೆ. ಅದರ ಹಿಂದೆಯೇ ಅರಿಸಿನ, ತುಕ್ಕು, ಎಲ್ಲಕ್ಕಿಂತ ಅಡಿಯಲ್ಲಿ, ಹುಡುಕಿದರೆ ಮಾತ್ರ ಸಿಗುವಂತೆ, ಯೂರಿಯಾ. ಮದುವೆಮನೆಗೂ ಗೊಬ್ಬರದಂಗಡಿಗೂ ನೆಂಟಸ್ತಿಕೆ ಬೆಳೆಸಿದವರು ನಮ್ಮ ತಾತ ಒಬ್ಬರೇ ಇರಬೇಕು. ನಾನು ಏಣಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಒಳಗಿನಿಂದ ಮನೆಯವರು “ಏನು, ಇಲಿ ಗಿಲಿ ಇದೆಯಾ?” ಎಂದು ಕೂಗಿದರು. ಇಲಿಯಲ್ಲ, ತೊಂಡೇಬಾವಿಯ ಮನೆ ಪೂರ್ತಿ ಇದೆ ಎಂದು ಹೇಳಬೇಕೆನಿಸಿತು. ಹೇಳಿದರೆ ಅವರು ಕಾಫಿ ಕೊಡಲೇ ಎಂದು ಕೇಳುತ್ತಾರೆ, ಅಷ್ಟೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು.

ಚೀಲ ಇಳಿಸಲು ಕಾರಣ ಸರಸತ್ತೆಯ ಫೋನು. ಸರಸತ್ತೆ ನನ್ನ ಅಪ್ಪನ ತಂಗಿ, ಶಿಡ್ಲಘಟ್ಟದಲ್ಲಿದ್ದಾಳೆ. “ಪುಟ್ಟೀ, ಅಪ್ಪನ ಗಿರಗಿಟ್ಲೆ ನಿಮ್ಮನೇಲೇ ಇರ್ಬೇಕು ಕಣೇ. ಹುಡುಕಿಡು, ಮಗು ಮದುವೆಗೆ ಬೇಕು” ಎಂದಳು. ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿದೆ, ಅವಳಿಗೆ ನಾನಿನ್ನೂ ಪುಟ್ಟಿ. ಮದುವೆಯಾಗಲಿರುವ ಅವಳ ಮಗಳು ಇನ್ನೂ ಮಗು. ಗಿರಗಿಟ್ಲೆ ಎಂದರೆ ಮಕ್ಕಳು ಗಾಳಿಗೆ ಹಿಡಿದು ಓಡುವ ಆಟದ ಸಾಮಾನಲ್ಲ. ಬೀಜವನ್ನೋ ಗೊಬ್ಬರವನ್ನೋ ಎರಚುವ ಕೈಯಂತ್ರ. ಕುತ್ತಿಗೆಗೆ ನೇತುಹಾಕಿಕೊಳ್ಳುವ ದಪ್ಪ ಬಟ್ಟೆಯ ಚೀಲ, ಅದರ ತಳಕ್ಕೊಂದು ತಗಡಿನ ತಟ್ಟೆ, ಪಕ್ಕದಲ್ಲೊಂದು ಹಿಡಿ. ಹಿಡಿ ತಿರುಗಿಸಿದರೆ ತಟ್ಟೆ ಗಿರ್ರನೆ ಸುತ್ತುತ್ತದೆ. ಚೀಲದ ತಳದ ಕಂಡಿಯಿಂದ ಉದುರುವ ಕಾಳು ಆ ತಟ್ಟೆಗೆ ಬಿದ್ದು ಎದುರಿಗೆ ಅರ್ಧಚಂದ್ರಾಕಾರವಾಗಿ ಸಿಡಿಯುತ್ತದೆ. ಅಂಗಡಿಯವರು ಅದಕ್ಕೆ ಸ್ಪ್ರೆಡ್ಡರ್ ಅನ್ನುತ್ತಿದ್ದರಂತೆ. ಮೂವತ್ತು ಚಿಲ್ಲರೆ ವರ್ಷ ಕನ್ನಡ ಮೇಷ್ಟರಾಗಿದ್ದ ತಾತ ‘ಪ್ರಕ್ಷೇಪಕ’ ಎಂದು ಹೆಸರಿಟ್ಟರು. ಗಿರಗಿಟ್ಲೆ ಎಂದದ್ದು ಅಜ್ಜಿ. ನಮ್ಮ ಮನೆಯಲ್ಲಿ ಕೊನೆಗೆ ಯಾವ ಹೆಸರು ಉಳಿಯುತ್ತಿತ್ತು ಎಂಬುದು ನಿಮಗೆ ಗೊತ್ತಾಗಿರಬೇಕು.

ತೊಂಡೇಬಾವಿಯ ಆ ಮನೆ ರೈಲ್ವೆ ಸ್ಟೇಷನ್ನಿಗೆ ಎಷ್ಟು ಹತ್ತಿರವಿತ್ತೆಂದರೆ, ಹಿಂದೂಪುರದ ಕಡೆಯಿಂದ ರೈಲು ಬಂದಾಗಲೆಲ್ಲ ಅಡುಗೆಮನೆಯ ಗೂಡಿನಲ್ಲಿದ್ದ ಹಿತ್ತಾಳೆ ತಟ್ಟೆಗಳು ತಾವೂ ಹೊರಡುವವರಂತೆ ಸದ್ದು ಮಾಡುತ್ತಿದ್ದವು. ಅಪ್ಪ ಗೌರಿಬಿದನೂರಿನ ಕಚೇರಿಗೆ ಆ ರೈಲಿನಲ್ಲೇ ಹೋಗಿ ಬರುತ್ತಿದ್ದರು. ಹಳಿ ದಾಟಿದರೆ ನಮ್ಮ ರಾಗಿ ಹೊಲ. ತಾತನಿಗೆ ಪಿಂಚಣಿ ಬರುತ್ತಿತ್ತು, ಹೊಲ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ವರ್ಷಕ್ಕೊಮ್ಮೆ ತಮ್ಮ ಕೈಯಾರೆ ರಾಗಿ ಚೆಲ್ಲದಿದ್ದರೆ ಅವರಿಗೆ ವರ್ಷ ಹುಟ್ಟಿದಂತೆಯೇ ಆಗುತ್ತಿರಲಿಲ್ಲ. ಮಡಿಲಿನಿಂದ ಹಿಡಿ ತುಂಬ ಬೀಜ ತೆಗೆದು, ಹೆಜ್ಜೆಗೊಮ್ಮೆ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ ಬೀಸಿದರೆ ಕಾಳು ಬಲೆಯಂತೆ ಬಿಚ್ಚಿಕೊಂಡು ಬೀಳುತ್ತಿತ್ತು. ಅದೇ ಕೈ ಮದುವೆಗಳಲ್ಲಿ ಅಕ್ಷತೆ ಹಾಕುತ್ತಿತ್ತು. ಮದುವೆಯಲ್ಲಿ ಹಿಂದೆ ನಿಂತವರ ಅಕ್ಷತೆ ಎಲ್ಲಿ ಬೀಳುತ್ತದೆ, ನಿಮಗೇ ಗೊತ್ತು: ಮುಂದೆ ನಿಂತವರ ಕುತ್ತಿಗೆಯ ಹಿಂದೆ, ರವಿಕೆಯೊಳಗೆ, ಮಲಗಿದ ಮಗುವಿನ ಬಾಯಿಯಲ್ಲಿ. ತಾತ ಮಾತ್ರ ಚತ್ರದ ಬಾಗಿಲಲ್ಲಿ ನಿಂತು ಎಸೆದರೂ ಗಂಡುಹೆಣ್ಣಿನ ತಲೆಯ ಮೇಲೇ ಬೀಳಿಸುತ್ತಿದ್ದರು. ಸುತ್ತಲ ಊರಿನವರು ಲಗ್ನಪತ್ರಿಕೆ ಕೊಡಲು ಬಂದಾಗ “ಮೇಷ್ಟ್ರೇ, ಅಕ್ಷತೆಗೆ ನೀವಿರ್ಬೇಕು” ಎಂದು ಬೇರೆಯಾಗಿ ಹೇಳಿ ಹೋಗುತ್ತಿದ್ದರು. ತಾತನಿಗೆ ಅದರ ಜಂಬ ಇತ್ತು. ಇರಲಿಲ್ಲ ಎಂದು ಹೇಳಿ ಅವರನ್ನು ಸಂತರನ್ನಾಗಿ ಮಾಡುವ ಇಷ್ಟ ನನಗಿಲ್ಲ.

ಸರಸತ್ತೆಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದ ವೆಂಕಟೇಶ ಮಾವನೊಂದಿಗೆ ಮಾತುಕತೆ ಮುಗಿದು, ಇನ್ನೇನು ಲಗ್ನ ಕಟ್ಟಿಸಬೇಕು ಎನ್ನುವಾಗ ತಾತನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಬೆರಳು ಒಂದಿಷ್ಟು ಆಡುತ್ತಿದ್ದವು, ಆದರೆ ಕೈ ಸೊಂಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಕಾಲು ಉಳಿಯಿತು, ಮಾತಿಗೂ ಏನೂ ಆಗಲಿಲ್ಲ. ಮಾತಿಗೆ ಏನೂ ಆಗಲಿಲ್ಲ ಎಂಬುದನ್ನು ಅಜ್ಜಿ ಬಂದವರಿಗೆಲ್ಲ ಸಂತೋಷದಿಂದ ಹೇಳುತ್ತಿದ್ದಳೋ ದೂರಿನಂತೆ ಹೇಳುತ್ತಿದ್ದಳೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹಾಸಿಗೆಯಿಂದ ಎದ್ದು ಕೂತ ತಾತ ಮೊದಲು ಆಡಿದ ಮುಖ್ಯವಾದ ಮಾತು ಮದುವೆಯದು. “ಕೈ ಬರ್ಲಿ, ಆಮೇಲೆ ಮದುವೆ” ಎಂದರು. ಅಜ್ಜಿ, “ಧಾರೆ ಎರೆಯೋಕೆ ಕೈ ಕೆಳಗಿದ್ರೆ ಸಾಕಲ್ವಾ? ನೀರು ನಾನ್ ಬಿಡ್ತೀನಲ್ಲ” ಎಂದಳು. “ಧಾರೆಗೆ ಕೆಳಗಿದ್ರೆ ಸಾಕು. ಅಕ್ಷತೆಗೆ ಮೇಲೇಳ್ಬೇಕಲ್ಲೇ. ಊರೋರ ಮಕ್ಕಳಿಗೆಲ್ಲ ಹಾಕಿ ಬಂದು, ನನ್ನ ಮಗಳಿಗೆ ಎಡಗೈಲಿ ಹಾಕ್ಲಾ?” ಅಜ್ಜಿಯ ತವರು ಹಿಂದೂಪುರದ ಕಡೆ, ಕೋಪ ನೆತ್ತಿಗೇರಿದರೆ ತೆಲುಗು ಬರುತ್ತಿತ್ತು. “ಏಮಿ ಖರ್ಮ ಇದಿ ನಾಕು!” ಎಂದು ತನ್ನ ಕರ್ಮಕ್ಕೆ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಎಡಗೈಯಲ್ಲಿ ಹಾಕಿ ಎಂದು ಅವಳೂ ಹೇಳಲಿಲ್ಲ ನೋಡಿ. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟರೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ.

ಹೀಗೆ ಸರಸತ್ತೆಯ ಮದುವೆ ತಾತನ ತೋಳಿಗೆ ಜೋತುಬಿತ್ತು. ಎಣ್ಣೆ ನೀವುವವರು ಬಂದರು, ನಾಟಿ ಔಷಧದವರು ಬಂದರು, ತೋಳು ಮಾತ್ರ ಬರಲಿಲ್ಲ. ಮಾಘದಲ್ಲಿ ಆಗಬೇಕಾದದ್ದು ವೈಶಾಖಕ್ಕೆ ಹೋಯಿತು, ವೈಶಾಖವೂ ಕಳೆಯಿತು. ವೆಂಕಟೇಶ ಮಾವ ಬಂದಾಗಲೆಲ್ಲ ಜಗಲಿಯಲ್ಲಿ ಕೂತು ತಾತನ ತೋಳನ್ನು ನೋಡುತ್ತಿದ್ದರು, ಬಸ್ಸು ಬರುತ್ತದೋ ಇಲ್ಲವೋ ಎಂದು ರಸ್ತೆ ನೋಡುವವರ ಹಾಗೆ. ಅವರ ತಾಯಿ ಅಷ್ಟು ಸಮಾಧಾನದವರಲ್ಲ. ಬರುವ ಮಾಘದೊಳಗೆ ಆಗದಿದ್ದರೆ ಬೇರೆ ಕಡೆ ನೋಡುತ್ತೇವೆ, ನನ್ನ ಮಗನ ತಲೆ ನೆರೆಯುವವರೆಗೂ ಕಾಯುವುದಕ್ಕಾಗುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಸಂಜೆ ಸರಸತ್ತೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ ಒಂದೇ ತಂಬಿಗೆಯನ್ನು ಬೆಳಕು ಹೋಗುವವರೆಗೂ ಉಜ್ಜಿದಳು. ತಾತನ ಎದುರಿಗೆ ಮಾತ್ರ ಒಂದು ಮಾತು ಆಡಲಿಲ್ಲ. ಅಪ್ಪನ ಹಟ ಯಾತರದ್ದು ಎಂದು ಅವಳಿಗೆ ಗೊತ್ತಿತ್ತು, ಅದೇ ಅವಳ ಕಷ್ಟ.

ಸರಸತ್ತೆ ಆಗ ಗೌರಿಬಿದನೂರಿನ ಒಂದು ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದಳು. ಆ ಅಂಗಡಿಯ ಮೂಲೆಯಲ್ಲಿ ಯಾವುದೋ ಕಾಲಕ್ಕೆ ಮಾದರಿಯೆಂದು ಬಂದ ಈ ಕೈಯಂತ್ರ ಯಾರಿಗೂ ಬೇಡವಾಗಿ ಬಿದ್ದಿತ್ತು. ಆಷಾಢದ ಒಂದು ಸಂಜೆ ಅದನ್ನು ಹೆಗಲಿಗೆ ಹಾಕಿಕೊಂಡು ರೈಲು ಇಳಿದು ಬಂದಳು. “ಅಪ್ಪಾ, ಇದ್ರಲ್ಲಿ ಕೈ ಎತ್ತೋದೇ ಬೇಡ ಕಣಪ್ಪ. ತಿರುಗಿಸಿದ್ರೆ ಸಾಕು” ಎಂದಳು. ತಾತ ಕನ್ನಡಕ ಹಾಕಿಕೊಂಡು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಡಿ ಬಲಗಡೆಗಿತ್ತು. ಎಡಗೈಗೆ ಸಿಗಲಿ ಎಂದು ಯಂತ್ರವನ್ನೇ ಹಿಂದುಮುಂದು ಮಾಡಿ ಕುತ್ತಿಗೆಗೆ ಹಾಕಿಕೊಂಡರು. ಅಜ್ಜಿ ಒಂದು ಪಾವು ರಾಗಿ ಸುರಿದಳು. ತಾತ ಉತ್ಸಾಹದಿಂದ ತಿರುಗಿಸಿದರು. ಹಿಂದುಮುಂದಾದ ಯಂತ್ರ ಹಿಂದಕ್ಕೇ ಎರಚಬೇಕಲ್ಲವೇ? ಇಡೀ ಪಾವು ಅವರ ಎದೆ, ಹೊಟ್ಟೆ, ಪಂಚೆಯ ನಿರಿಗೆಗಳ ಮೇಲೆ ಬಡಿಯಿತು. ಪಕ್ಕದ ಮನೆಯ ಕೋಳಿಗಳು ಎಲ್ಲಿದ್ದವೋ, ಓಡಿ ಬಂದು ತಾತನನ್ನು ಸುತ್ತಿಕೊಂಡವು. ಅಜ್ಜಿ ಗೋಡೆ ಹಿಡಿದುಕೊಂಡು ನಕ್ಕಳು. ತಾತ ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಮಾರನೆಯ ದಿನ ಸ್ಟೇಷನ್ ರಸ್ತೆಯ ಸೈಕಲ್ ಷಾಪಿನವನು ಹಿಡಿಯನ್ನು ಬಿಚ್ಚಿ ಎಡಗಡೆಗೆ ಕೂಡಿಸಿಕೊಟ್ಟ.

ಆಗ ನಿಜವಾದ ತೊಡಕು ಎದ್ದಿತು. ತಿರುಗಿಸುವುದು ಎಡಗೈ ಅಂದಮೇಲೆ ಇದೂ ಎಡಗೈ ಬಿತ್ತನೆಯೇ ಅಲ್ಲವೇ? ತಾತ ಹೌದೆಂದರು, ಸರಸತ್ತೆ ಅಲ್ಲವೆಂದಳು, ಅಜ್ಜಿ ಎರಡು ಕಡೆಗೂ ಬೈದಳು. ಕೊನೆಗೆ ಪುರೋಹಿತರನ್ನು ಕರೆಸಲಾಯಿತು. ಅವರು ಎಲೆಯಡಿಕೆ ಹಾಕಿಕೊಂಡು, ಯಂತ್ರವನ್ನು ಜಾತಕ ನೋಡುವಂತೆ ನೋಡಿ, “ಕಾಳಿಗೆ ಕೈ ಸೋಕುತ್ತೇನಮ್ಮ?” ಎಂದು ಕೇಳಿದರು. ಸೋಕುವುದಿಲ್ಲ ಎಂದಳು ಅಜ್ಜಿ. “ಎಡಗೈ ಮುಟ್ಟೋದು ಹಿಡೀನ. ಕಾಳನ್ನ ಹಾಕೋದು ತಟ್ಟೆ. ಪೂಜೇಲಿ ಗಂಟೆ ಯಾವ ಕೈಲಿ ಆಡಿಸ್ತೀವಿ ಮೇಷ್ಟ್ರೇ?” “ಎಡಗೈಲಿ” ಎಂದರು ತಾತ. “ಮತ್ತೆ? ದೇವರು ಎದ್ದು ಹೋದನಾ?” ಅಜ್ಜಿ ಒಳಗೆ ಹೋಗಿ ಪುರೋಹಿತರಿಗೆ ಕಾಫಿ ತಂದಳು. ಆ ಕಾಫಿಗೆ ಹಾಲು ಜಾಸ್ತಿ ಬಿದ್ದಿತ್ತೆಂದು ಅವರು ಬಹಳ ಕಾಲ ಹೇಳಿಕೊಳ್ಳುತ್ತಿದ್ದರು. ತಾತ ಮಾತ್ರ ಪೂರ್ತಿ ಒಪ್ಪಲಿಲ್ಲ. ಕೈಗೆ ಹೇಗೆ ಗುಣ ಇರುತ್ತದೋ ಯಂತ್ರಕ್ಕೂ ಇರಬೇಕು. ಮೊದಲು ರಾಗಿ ಚೆಲ್ಲಿ ನೋಡುತ್ತೇನೆ. ಪೈರು ಒಪ್ಪವಾಗಿ ಬಂದರೆ ಇದರಲ್ಲೇ ಅಕ್ಷತೆ, ಇಲ್ಲದಿದ್ದರೆ ಇಲ್ಲ ಎಂದರು. ಸರಸತ್ತೆಯ ಮದುವೆ ತೋಳಿನಿಂದ ಇಳಿದು ಹೊಲಕ್ಕೆ ಬಂದು ಕೂತಿತು.

ಶ್ರಾವಣದ ಒಂದು ಹದ ಮಳೆಯ ಮರುದಿನ ತಾತ ಗಿರಗಿಟ್ಲೆ ಕಟ್ಟಿಕೊಂಡು ಹೊಲಕ್ಕಿಳಿದರು. ನಮ್ಮ ಹೊಲದ ಅಂಚಿನಲ್ಲೇ ಸ್ಟೇಷನ್ನಿಗೆ ಹೋಗುವ ಕಾಲುದಾರಿ. ಲಕ್ವ ಹೊಡೆದ ಮೇಷ್ಟರು ಹೊಟ್ಟೆಯ ಮೇಲೆ ಯಂತ್ರ ಕಟ್ಟಿಕೊಂಡು ಹೊಲದಲ್ಲಿ ಓಡಾಡುತ್ತಿದ್ದರೆ ದಾರಿಹೋಕರು ಸುಮ್ಮನೆ ಹೋಗುತ್ತಾರೆಯೇ? ಸ್ಟೇಷನ್ ಮಾಸ್ಟರು ನಿಂತರು, ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸರು ನಿಂತರು, ಬಳೆಮಲ್ಲಾರ ಗಂಟು ಇಳಿಸಿ ನಿಂತ. ತಾತನೂ ನಿಂತರು. ಹತ್ತಿರ ಹೋಗಿ ಯಂತ್ರದ ಅಂಗಾಂಗಗಳನ್ನು ಒಬ್ಬೊಬ್ಬರಿಗೂ ಪಾಠದಂತೆ ವಿವರಿಸಿದರು. ಕಾಲು ನಿಂತಿತ್ತು, ಬಾಯಿ ನಡೆಯುತ್ತಿತ್ತು, ಎಡಗೈ ಮಾತಿನ ತಾಳಕ್ಕೆ ತಿರುಗುತ್ತಲೇ ಇತ್ತು. ರಾಗಿ ಎಂಬುದು ಸಾಸಿವೆಯ ತಂಗಿ. ಬೀಳುವುದು ಕಣ್ಣಿಗೆ ಕಾಣುವುದಿಲ್ಲ. ನಾನೂ ಸರಸತ್ತೆಯೂ ಮಜ್ಜಿಗೆ ತೆಗೆದುಕೊಂಡು ಹೋದಾಗ ಅವರು ಹೊಲದ ನಡುವಿದ್ದರು. ನನ್ನನ್ನು ಹೊಂಗೆಮರದ ನೆರಳಿಗೆ ಕಳಿಸಿ, ಮಗಳ ಜೊತೆ ಅಲ್ಲೇ ನಿಂತು ಬಹಳ ಹೊತ್ತು ಮಾತಾಡಿದರು. ನನಗೆ ಕೇಳಿಸಿದ್ದು ಹಿಡಿಯ ಕಿರಕಿರ ಸದ್ದು ಮಾತ್ರ.

ವಾರ ಕಳೆದು ಮೊಳಕೆ ಎದ್ದಿತು. ಇಡೀ ತೊಂಡೇಬಾವಿ ಬಂದು ನೋಡಿತು ಎಂದರೆ ತುಸು ಹೆಚ್ಚಾದೀತು, ಅರ್ಧ ಬಂದದ್ದು ನಿಜ. ಹೊಲದಲ್ಲಿ ತಾತ ಎಲ್ಲೆಲ್ಲಿ ನಿಂತು ಹರಟಿದ್ದರೋ ಅಲ್ಲಲ್ಲಿ ಪೈರು ಜಮಖಾನೆ ಹಾಸಿದಷ್ಟು ದಟ್ಟವಾಗಿತ್ತು. ಉಳಿದ ಕಡೆ ಅಲ್ಲೊಂದು ಇಲ್ಲೊಂದು. ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು ಎಂಬುದು ಹಸಿರಿನಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು. ಸ್ಟೇಷನ್ ಮಾಸ್ಟರದು ದೊಡ್ಡ ಸುತ್ತು, ಹಾಲಿನ ಹೆಂಗಸರದು ಉದ್ದನೆಯ ಪಟ್ಟಿ. ಬಳೆಮಲ್ಲಾರ ತನ್ನದು ಚಿಕ್ಕದಾಯಿತೆಂದು ಬೇಜಾರು ಮಾಡಿಕೊಂಡ. ಪಕ್ಕದವರ ಸೇವಂತಿಗೆ ಸಾಲುಗಳಲ್ಲೂ ರಾಗಿ ಮೊಳೆತು ನಗುತ್ತಿತ್ತು. ತಾತ ಬದುವಿನ ಮೇಲೆ ಕೂತುಬಿಟ್ಟರು. “ಇದ್ರ ಗುಣ ಗೊತ್ತಾಯ್ತಲ್ಲ. ಮದುವೆ ಮಾತು ಬಿಡಿ” ಎಂದರು. ಸರಸತ್ತೆಯ ಮುಖ ನೋಡುವುದಕ್ಕಾಗಲಿಲ್ಲ. ಮಾಘಕ್ಕೆ ಉಳಿದದ್ದು ಆರೇ ತಿಂಗಳು, ಶಿಡ್ಲಘಟ್ಟದವರು ಕಾಯುವವರಲ್ಲ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕಿಳಿದಳು. ಒಂದೊಂದು ಸುತ್ತಿನ ಬಳಿಯೂ ನಿಂತು, “ಇದು ಯಾರು? ಇದು?” ಎಂದು ಕೇಳುತ್ತ ಹೋದಳು. ತಾತ ತಪ್ಪು ಮಾಡಿದ ಹುಡುಗನಂತೆ ಉತ್ತರ ಕೊಟ್ಟರು. ಕೊನೆಗೆ ಹೊಲದ ನಟ್ಟನಡುವೆ ಬಂದಳು. ಅಲ್ಲಿನ ಸುತ್ತು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ದಟ್ಟ. ದಾರಿಯಿಂದ ಅಷ್ಟು ಒಳಗೆ ಯಾರೂ ಬರುವುದಿಲ್ಲ. “ಇಲ್ಲಿ ಯಾರ ಹತ್ರ ಮಾತಾಡ್ತಿದ್ರಿ?” ಲಕ್ವ ಹೊಡೆದಾಗಲೂ ನಿಲ್ಲದಿದ್ದ ತಾತನ ಮಾತು ಆಗ ನಿಂತಿತು. ಉತ್ತರ ಕೊಟ್ಟವಳು ಸರಸತ್ತೆ. “ನನ್ ಹತ್ರ ಕಣಮ್ಮ. ಮದುವೆ ಆದ್ಮೇಲೂ ರಾಗಿ ಚೆಲ್ಲೋ ದಿನ ಬರ್ತೀಯಾ ಅಂತ ಅಪ್ಪ ಕೇಳ್ದ. ಬರ್ತೀನಿ ಅಂದೆ. ಆಮೇಲೆ ಇನ್ನೊಂದ್ಸಲ ಕೇಳ್ದ. ಕೇಳ್ತಾನೇ ಇದ್ದ.”

ಅಜ್ಜಿ ಬಗ್ಗಿ ಆ ದಟ್ಟ ಪೈರಿನ ಮೇಲೆ ಅಂಗೈ ಆಡಿಸಿದಳು. ಎದ್ದಾಗ ಅವಳ ಕಣ್ಣು ಕೆಂಪಾಗಿತ್ತು, ಗಂಟಲು ಮಾತ್ರ ಎಂದಿನಂತೆಯೇ ಇತ್ತು. “ಮಿಷಿನ್ನಿಗೆ ಏನೂ ಆಗಿಲ್ಲ. ಹಾಕಿದ್ದೆಲ್ಲ ಹುಟ್ಟಿದೆ. ನೀವು ಬಾಯಿ ಮುಚ್ಕೊಂಡು ತಿರುಗಿಸಿದ್ರೆ ಎಲ್ಲಾ ಕಡೆನೂ ಹುಟ್ತಿತ್ತು. ಮದುವೆ ದಿನ ಮಾತಾಡ್ಬೇಡಿ, ಅಷ್ಟೆ. ಚಾಲು ಇಂಕ! ಲಗ್ನ ಕಟ್ಸಿ.” ಸಾಕಿನ್ನು ಎಂದು ಅವಳು ತೆಲುಗಿನಲ್ಲಿ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಮುಂದಿನ ಕೆಲವು ದಿನ ನಾವೆಲ್ಲ ಸೇರಿ ದಟ್ಟವಾದ ಕಡೆಯಿಂದ ಪೈರು ಕಿತ್ತು ತೆಳುವಾದ ಕಡೆ ನಾಟಿ ಹಾಕಿದೆವು. ‘ಸ್ಟೇಷನ್ ಮಾಸ್ಟರನ್ನ ಒಂದು ಹಿಡಿ ಕೊಡೇ’, ‘ಹಾಲಿನೋರು ಮುಗಿದ್ರು’ ಎಂದು ಸರಸತ್ತೆ ಕೂಗುತ್ತಿದ್ದಳು, ನಗುತ್ತಿದ್ದಳು. ನಡುವಿನ ಸುತ್ತಿನಿಂದಲೇ ಹೊಲದ ಅರ್ಧ ತುಂಬಿತು. ಆ ವರ್ಷದ ರಾಗಿ ಚೆನ್ನಾಗಿಯೇ ಬಂತು.

ಮದುವೆ ಮಾಘಕ್ಕೆ ನಿಶ್ಚಯವಾಯಿತು, ಗೌರಿಬಿದನೂರಿನ ಚತ್ರದಲ್ಲಿ. ಅದಕ್ಕೆ ಮುನ್ನ ಮನೆಯಂಗಳದಲ್ಲಿ ತಾಲೀಮು ನಡೆಯಿತು. ಸರಸತ್ತೆ ಹೆಣ್ಣು, ನಾನು ಗಂಡು, ನಡುವೆ ಅಂತರಪಟಕ್ಕೆ ತಾತನ ಟವಲು. ಅಪ್ಪ ಬಾಯಲ್ಲೇ ಗಟ್ಟಿಮೇಳ ಬಾರಿಸುತ್ತಿದ್ದರು. ಟವಲು ಸರಿದ ಕೂಡಲೇ ತಾತ ತುಟಿ ಬಿಗಿಹಿಡಿದು ಹಿಡಿ ತಿರುಗಿಸುತ್ತಿದ್ದರು. ಅಕ್ಕಿ ದಂಡವಾಗುತ್ತದೆಂದು ಅಜ್ಜಿ ಮೊದಮೊದಲು ರಾಗಿಯನ್ನಷ್ಟೇ ಕೊಟ್ಟಳು, ಆಮೇಲೆ ನುಚ್ಚು, ಕೊನೆಗೆ, ಮನಸ್ಸು ಗಟ್ಟಿ ಮಾಡಿಕೊಂಡು, ಸೇರಿನ ತಳದಷ್ಟು ಅಕ್ಕಿ. ತಾತನ ಕೈ ಕುದುರಿತು. ಎಷ್ಟು ದೂರ ನಿಲ್ಲಬೇಕು, ಎಷ್ಟು ಜೋರಿಗೆ ತಿರುಗಿಸಬೇಕು ಎಂಬುದೆಲ್ಲ ಹದಕ್ಕೆ ಬಂದು, ಕಾಳು ನಮ್ಮಿಬ್ಬರ ತಲೆಯ ಮೇಲೆ ಮಳೆಯಂತೆ ಮೆತ್ತಗೆ ಬೀಳತೊಡಗಿತು. ಹಳೆಯ ಜಂಬ ಮುಖಕ್ಕೆ ಮರಳಿತು. ಇಷ್ಟೆಲ್ಲ ಯೋಚಿಸಿದ ನಮ್ಮ ಮನೆಯವರಲ್ಲಿ ಒಬ್ಬರಿಗೂ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ತಾಲೀಮಿನದು ಒಣ ಅಕ್ಕಿ.

ಮುಹೂರ್ತ ಬೆಳಗಿನ ಜಾವಕ್ಕಿತ್ತು. ಮಾಘದಲ್ಲಿ ನಮ್ಮ ಕಡೆಯ ಚಳಿ ಹೇಗಿರುತ್ತದೆಂದು ಕೇಳಬೇಡಿ. ವಾಲಗದವರು ಊದುವ ಮೊದಲು ಬೆರಳುಗಳನ್ನು ಒಲೆಗೆ ಹಿಡಿದಿದ್ದರು. ಅಕ್ಷತೆ ಕಲಸಿದವಳು ಅಜ್ಜಿ. ಹಬ್ಬದ ಹೋಳಿಗೆಗೂ ತುಪ್ಪವನ್ನು ಚಮಚದ ತುದಿಯಲ್ಲಿ ತೋರಿಸಿ ಮುಂದೆ ಹೋಗುತ್ತಿದ್ದ ನನ್ನ ಅಜ್ಜಿ, ಇದ್ದೊಬ್ಬ ಮಗಳ ಮದುವೆಯೆಂದು ಆವತ್ತು ಅರಿಸಿನದ ಅಕ್ಕಿಗೆ ಗಿಂಡಿ ಬಗ್ಗಿಸಿ ಸುರಿದಿದ್ದಳು. ಚಳಿಗೆ ತುಪ್ಪ ಹೆಪ್ಪುಗಟ್ಟಿ, ಗಿರಗಿಟ್ಲೆಯ ಹೊಟ್ಟೆಯಲ್ಲಿ ಅಕ್ಷತೆ ಒಂದೇ ಉಂಡೆಯಾಗಿ ಕೂತಿತ್ತು. ಯಾರಿಗೂ ಗೊತ್ತಿರಲಿಲ್ಲ. ತಾತ ಹೊಸ ಪಂಚೆ, ಶಲ್ಯ, ಅದರ ಮೇಲೆ ಯಂತ್ರ ಧರಿಸಿ ಮಂಟಪದ ಪಕ್ಕ ನಿಂತಿದ್ದರು. ಅಜ್ಜಿಯ ಆಣತಿಯಂತೆ ಹಿಂದಿನ ಸಂಜೆಯಿಂದ ಬಾಯಿಬಿಟ್ಟಿರಲಿಲ್ಲ. ಬೀಗರು ಮಾತಾಡಿಸಿದರೆ ತಲೆಯಾಡಿಸುತ್ತಿದ್ದರು. ಮೇಷ್ಟರು ಬಹಳ ಗಂಭೀರ ಮನುಷ್ಯ ಎಂದು ಅವರು ಮೆಚ್ಚಿಕೊಂಡಿದ್ದರು.

“ಗಟ್ಟಿಮೇಳ! ಗಟ್ಟಿಮೇಳ!” ಎಂದರು ಪುರೋಹಿತರು. ವಾಲಗ ಮುಗಿಲು ಮುಟ್ಟಿತು. ಚತ್ರದ ತುಂಬ ಕೈಗಳು ಎದ್ದವು, ಅಕ್ಷತೆ ಹಾರಿತು. ತಾತ ಹಿಡಿ ತಿರುಗಿಸಿದರು. ತಟ್ಟೆ ಸುತ್ತಿತು. ಒಂದು ಕಾಳೂ ಬೀಳಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದರು. ಬರಿಯ ತಗಡು ಕಿರಕಿರ ಎಂದಿತು. ಅಪ್ಪ ಓಡಿ ಬಂದು ಚೀಲ ತಟ್ಟಿದರು, ಅಜ್ಜಿ ಧಾರೆಯ ತಂಬಿಗೆ ಹಿಡಿದುಕೊಂಡೇ ಕಣ್ಣಲ್ಲಿ ಏನೇನೋ ಕೇಳಿದಳು. ಅಷ್ಟರಲ್ಲಿ ಕೊರಳಿಗೆ ತಾಳಿ ಬಿದ್ದಾಗಿತ್ತು. ವಾಲಗ ಇಳಿಯಿತು. ಜನ ಕೂತರು. ನಿಂತಿದ್ದವರು ತಾತ ಒಬ್ಬರೇ, ಅವರ ಎಡಗೈ ಇನ್ನೂ ತಿರುಗುತ್ತಿತ್ತು. ಚತ್ರದಲ್ಲಿ ಯಾರೋ ನಕ್ಕರು. ನನಗೂ ನಗು ಬಂದಿತ್ತು, ಆದರೆ ತಾತನ ಮುಖ ನೋಡಿ ತಲೆ ತಗ್ಗಿಸಿದೆ. ಎಷ್ಟು ಜನರ ಮಕ್ಕಳಿಗೆ ಗುರಿಯಿಟ್ಟು ಹಾಕಿದ್ದರು! ಅಪ್ಪ ಅವರನ್ನು ಕರೆದುಕೊಂಡು ಹೋಗಿ ಹೋಮಕುಂಡದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಯಂತ್ರವನ್ನು ತೆಗೆಯಹೋದರೆ ತಾತ ಬಿಡಲಿಲ್ಲ. ಮಗುವನ್ನು ಹಿಡಿದುಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಬೆಂಕಿಯನ್ನು ನೋಡುತ್ತ ಕೂತರು.

ಹೋಮ ಸಾಗಿತು, ಲಾಜ ಮುಗಿಯಿತು, ಸಪ್ತಪದಿ ಮುಗಿಯಿತು. ಆಮೇಲೆ ಹೆಣ್ಣುಗಂಡು ಹಿರಿಯರಿಗೆ ನಮಸ್ಕಾರ ಮಾಡಲು ಹೊರಟರು. ಸರಸತ್ತೆ ಮೊದಲು ಬಂದದ್ದು ತಾತನ ಹತ್ತಿರ. ತಾತ ಎದ್ದು ನಿಂತರು. ಆಶೀರ್ವಾದಕ್ಕೆ ಬಲಗೈ ಏಳಲಿಲ್ಲ. ಎಡಗೈ ಎತ್ತಲು ಮನಸ್ಸಾಗಲಿಲ್ಲ. ಏನು ಮಾಡುವುದೆಂದು ತೋಚದೆ ಆ ಎಡಗೈ ಅಭ್ಯಾಸಬಲದಿಂದ ಹಿಡಿಯ ಮೇಲೆ ಹೋಯಿತು, ಸುಮ್ಮನೆ ಒಂದು ಸುತ್ತು ತಿರುಗಿಸಿತು. ಇಷ್ಟು ಹೊತ್ತು ಬೆಂಕಿಯ ಕಾವಿಗೆ ತುಪ್ಪ ಕರಗಿತ್ತಲ್ಲ! ಚೀಲದಲ್ಲಿದ್ದ ಅಕ್ಷತೆ ಭರ್ರೆಂದು ಸಿಡಿಯಿತು. ಬಾಗಿದ್ದ ಸರಸತ್ತೆಯ ತಲೆಯ ಮೇಲೆ, ಜಡೆಯ ಮೊಗ್ಗಿನ ಮೇಲೆ, ವೆಂಕಟೇಶ ಮಾವನ ಪೇಟದ ಮೇಲೆ, ಮೀಸೆಯೊಳಗೆ. ತಾತ ನಿಲ್ಲಿಸಲಿಲ್ಲ. ತಿರುಗಿಸಿದರು, ತಿರುಗಿಸಿದರು, ಚೀಲ ಬರಿದಾಗುವವರೆಗೂ ತಿರುಗಿಸಿದರು. ಗಟ್ಟಿಮೇಳದಲ್ಲಿ ಎಲ್ಲರ ಅಕ್ಷತೆಯೂ ಒಟ್ಟಿಗೆ ಬಿದ್ದಿತ್ತು, ಯಾರದು ಯಾವುದೆಂದು ಹೇಳುವಂತಿರಲಿಲ್ಲ. ಇದು ತಾತನದೊಂದೇ. ಸರಸತ್ತೆ ಬಗ್ಗಿದವಳು ಬಗ್ಗಿಯೇ ಇದ್ದಳು, ಕೊನೆಯ ಕಾಳು ಬೀಳುವವರೆಗೂ ತಲೆ ಎತ್ತಲಿಲ್ಲ. ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನು ಮಾತ್ರ ಕುಲುಕುತ್ತಿತ್ತು. ಮೀಸೆಯಿಂದ ಅಕ್ಕಿ ಬಿಡಿಸಿಕೊಳ್ಳುತ್ತ ವೆಂಕಟೇಶ ಮಾವ, “ಈಗ ಆಯ್ತಾ ಮಾವ?” ಎಂದು ಕೇಳಿದರು. ಹಿಂದಿನ ಸಂಜೆಯಿಂದ ಮುಚ್ಚಿದ್ದ ಬಾಯಿ ತೆರೆದು ತಾತ “ಆಯ್ತಪ್ಪ” ಎಂದರು. ವೆಂಕಟೇಶ ಮಾವನ ತಾಯಿಯ ರೇಷ್ಮೆ ಸೀರೆಯ ಮೇಲೂ ನಾಲ್ಕು ಕಾಳು ಬಿದ್ದಿದ್ದವು. ಅವರು ಒಂದನ್ನು ಎತ್ತಿ ಬೆರಳಲ್ಲಿ ಉಜ್ಜಿ ಮೂಸಿ, “ಪರವಾಗಿಲ್ಲ, ಒಳ್ಳೇ ತುಪ್ಪ” ಎಂದರು. ಅಜ್ಜಿ ಆ ಮಾತನ್ನು ಸಾಯುವವರೆಗೂ ನೆನೆದುಕೊಂಡಳು.

ಸರಸತ್ತೆ ಮಾತು ಉಳಿಸಿಕೊಂಡಳು. ಪ್ರತಿ ಶ್ರಾವಣದಲ್ಲೂ ಶಿಡ್ಲಘಟ್ಟದಿಂದ ಬಂದು ತಾತನ ಜೊತೆ ಹೊಲಕ್ಕಿಳಿಯುತ್ತಿದ್ದಳು, ಪ್ರತಿ ವರ್ಷವೂ ಹೊಲದ ನಡುವೆ ಒಂದು ದಟ್ಟ ಸುತ್ತು ಏಳುತ್ತಿತ್ತು. ಆಮೇಲೊಂದು ವರ್ಷ ಏಳಲಿಲ್ಲ. ತಾತ ಹೋದ ಮೇಲೆ ಅಜ್ಜಿ ಗಿರಗಿಟ್ಲೆಯನ್ನು ಅವರ ಅಂಗಿ ನೇತುಹಾಕುತ್ತಿದ್ದ ಗೂಟಕ್ಕೇ ಹಾಕಿದ್ದಳು. ಹೋಗುತ್ತ ಬರುತ್ತ ಹಿಡಿಯನ್ನು ಒಂದು ಸುತ್ತು ತಿರುಗಿಸುತ್ತಿದ್ದಳು. ಯಾಕಜ್ಜಿ ಎಂದರೆ, “ಮನೆ ತುಂಬಾ ಸುಮ್ಮನಾಗ್ಬಿಟ್ಟಿದೆ ಕಣೇ” ಎನ್ನುತ್ತಿದ್ದಳು. ಅವಳೂ ಹೋದಳು. ಮನೆ ಬೇಗನೆ ಬೇರೆಯವರದಾಯಿತು. ಆ ಜಾಗದಲ್ಲಿ ಈಗ ಸಿಮೆಂಟ್ ಇಟ್ಟಿಗೆ ಪೇರಿಸಿರುತ್ತಾರೆ. ರೈಲು ಹೋಗುವಾಗ ಕಿಟಕಿಯಿಂದ ನೋಡುತ್ತೇನೆ, ಸದ್ದು ಮಾಡಲು ತಟ್ಟೆಗಳಿಲ್ಲ. ಉಳಿದದ್ದೆಂದರೆ ನಮ್ಮ ಮನೆತನದ ಒಂದು ಚಾಳಿ. ಮೊದಮೊದಲು ಮದುವೆಗಳಲ್ಲಿ ತಾತನನ್ನು ಅಣಕಿಸಲೆಂದು, ಬಲಗೈಯಲ್ಲಿ ಅಕ್ಷತೆ ಹಾಕಿದ ಮೇಲೆ ಎಡಗೈಯಲ್ಲಿ ಇಲ್ಲದ ಹಿಡಿಯನ್ನು ತಿರುಗಿಸುತ್ತಿದ್ದೆವು. ಬರುಬರುತ್ತ ಅಣಕ ಹೋಗಿ ಅಭ್ಯಾಸ ಉಳಿಯಿತು. ಈಗ ನಮ್ಮಲ್ಲಿ ಯಾರ ಮದುವೆಯಾದರೂ ಗಟ್ಟಿಮೇಳದ ಹೊತ್ತಿಗೆ ಒಂದಷ್ಟು ಎಡಗೈಗಳು ಗಾಳಿಯಲ್ಲಿ ಸುತ್ತುತ್ತಿರುತ್ತವೆ. ನೋಡಿದವರು ಇವರಿಗೇನೋ ನರದ ತೊಂದರೆ ಇರಬೇಕು ಎಂದುಕೊಳ್ಳುತ್ತಾರೆ. ನಾವು ವಿವರಿಸಲು ಹೋಗುವುದಿಲ್ಲ.

ಅಟ್ಟದಿಂದ ಇಳಿಸಿದ ಗಿರಗಿಟ್ಲೆಯ ಹಿಡಿ ತುಕ್ಕು ತಿಂದು ಬಿಗಿದುಕೊಂಡಿತ್ತು. ಬಲವಂತ ಮಾಡಿದರೆ ಮುರಿದುಹೋಗುತ್ತದೆ ಎಂದ ವರ್ಕ್‌ಷಾಪಿನವನು. ಸರಸತ್ತೆಗೆ ಫೋನು ಮಾಡಿ ಹೇಳಿದೆ. “ಹೋಗ್ಲಿ ಬಿಡು. ಹಾಗೇ ತಗೊಂಡ್ ಬಾ, ಮೂಲೇಲಿ ಇರ್ಲಿ” ಎಂದಳು. ಶಿಡ್ಲಘಟ್ಟದಲ್ಲಿ ಮದುವೆಯ ದಿನ ಮಂಟಪದಲ್ಲಿ ಅದನ್ನು ಹೂವಿನ ಬುಟ್ಟಿಗಳ ಪಕ್ಕ ಇಟ್ಟೆ. ಗಟ್ಟಿಮೇಳವಾಯಿತು, ಎಲ್ಲರೂ ಹಾಕಿದೆವು, ನಮ್ಮ ಎಡಗೈಗಳು ಸುತ್ತಿದವು, ಜನ ಕೂತರು. ಸರಸತ್ತೆಯ ‘ಮಗು’ ಗಂಡನ ಜೊತೆ ತಾಯಿಯ ಎದುರು ಬಂದು ಬಾಗಿದಳು. ಸರಸತ್ತೆ ಬಲಗೈಯನ್ನು ಅವಳ ನೆತ್ತಿಯ ಮೇಲಿಟ್ಟಳು. ಎಡಗೈ ಸೆರಗಿನ ಮರೆಯಲ್ಲಿ ಮೆಲ್ಲಗೆ ತಿರುಗುತ್ತಿತ್ತು, ರಾಗಿ ಚೆಲ್ಲುವಾಗ ತಾತ ತಿರುಗಿಸುತ್ತಿದ್ದಷ್ಟೇ ನಿಧಾನವಾಗಿ. ಫೋಟೋದವನು ಏಳಿ ಏಳಿ ಎಂದು ಅವಸರ ಮಾಡಿದ. ಮಗುವಿಗೆ ಕಥೆ ಗೊತ್ತಿತ್ತು. ಆ ಕೈ ನಿಲ್ಲುವವರೆಗೂ ಅವಳು ತಲೆ ಎತ್ತಲಿಲ್ಲ.